ಅಧ್ಯಾಯ 4: ಸ್ಕ್ರೂ ಮುಟ್ಟುವ ಮೊದಲು

ಕಟ್ಟಾಯ, ಗೊರೂರು ಕಡೆಯ ಊರುಗಳಲ್ಲಿ ಮರ ಕೊಯ್ಯುವ ಮಿಷನ್‌ಗೆ ವರ್ಷವಿಡೀ ಕೆಲಸವಿರುವುದಿಲ್ಲ. ಬೇಸಿಗೆಯಲ್ಲಿ ನೀಲಗಿರಿ, ಸಿಲ್ವರ್ ಓಕ್ ಕೊಯ್ಯುತ್ತಾರೆ, ಒಣಗಿದ ತೆಂಗು ಉರುಳಿಸುತ್ತಾರೆ. ಅರಕಲಗೂಡು, ರಾಮನಾಥಪುರದ ಹೊಗೆಸೊಪ್ಪಿನ ಬೆಳೆಗಾರರಂತೂ ಎಲೆ ಒಣಗಿಸುವ ಬ್ಯಾರನ್‌ಗೆ ಬೇಕಾದ ಸೌದೆಯನ್ನು ಮಳೆಗೆ ಮೊದಲೇ ತುಂಡು ಮಾಡಿ ಒಟ್ಟಿಕೊಳ್ಳಬೇಕು. ಮುಂಗಾರು ಹಿಡಿದ ಮೇಲೆ ಮಿಷನ್ ಕೊಟ್ಟಿಗೆಯ ಮೂಲೆ ಸೇರುತ್ತದೆ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನ ಸಮೇತ. ತಿಂಗಳುಗಟ್ಟಲೆ ಬಿಟ್ಟು ಹಗ್ಗ ಎಳೆದರೆ ಅದು ಏಳುವುದಿಲ್ಲ. ‘ಇಂಜಿನ್ ಹೋಯ್ತು’ ಎನ್ನುತ್ತಾರೆ. ಹೆಚ್ಚಿನ ಸಲ ಇಂಜಿನ್ ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಕಾರ್ಬೊರೇಟರ್ ಒಳಗಿನ ಎರಡು ಬೆರಳಗಲದ ಒಂದು ಹಾಳೆ.

ಮೊದಲು ಪರೀಕ್ಷೆ. ಪ್ಲಗ್ ಕ್ಯಾಪ್ ಕಿತ್ತಿಡದೆ ಚೈನಿಗೆ ಕೈ ಹಾಕಬೇಡಿ. ಬಯಲಿನಲ್ಲಿ ಕೂತು ಕೆಲಸ ಮಾಡಿ, ಬೀಡಿ, ಒಲೆ ದೂರವಿರಲಿ. ಇಂಜಿನ್‌ಗೆ ಬೇಕಾದದ್ದು ಮೂರು: ಕಿಡಿ, ಒತ್ತಡ, ಪೆಟ್ರೋಲ್. ಹಗ್ಗದ ಹಿಡಿಯನ್ನಷ್ಟೇ ಹಿಡಿದು ಮಿಷನ್ ತೂಗಿಬಿಡಿ. ನಿಧಾನವಾಗಿ, ತಡೆದು ತಡೆದು ಇಳಿದರೆ ಒತ್ತಡ ಇದೆ ಎಂದರ್ಥ. ಸರ್ರನೆ ಇಳಿದರೆ ಸೈಲೆನ್ಸರ್ ಬಿಚ್ಚಿ ಒಳಗೆ ಟಾರ್ಚ್ ಹಾಕಿ ನೋಡಿ. ಪಿಸ್ಟನ್ ಮೇಲೆ ಉದ್ದುದ್ದ ಗೀರುಗಳಿದ್ದರೆ ಅದು ಮನೆಯಲ್ಲಿ ಮುಗಿಯುವ ರಿಪೇರಿಯಲ್ಲ. ಗೀರಿಲ್ಲದಿದ್ದರೆ ಚೋಕ್ ಹಾಕಿ ಏಳೆಂಟು ಸಲ ಹಗ್ಗ ಎಳೆದು ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಹೆಚ್ಚಾಗಿ ತುಂಬಿಕೊಂಡಿದೆ. ಪ್ಲಗ್ ಒರೆಸಿ, ಅಂತರ ಸುಮಾರು 0.5 ಮಿಲಿಮೀಟರ್‌ಗೆ ತಂದು ಮತ್ತೆ ಹಾಕಿ. ಅರ್ಧ ಗಂಟೆಯ ಈ ಕೆಲಸ ಎಷ್ಟೋ ದಿನಗಳ ಪರದಾಟ ತಪ್ಪಿಸುತ್ತದೆ.

ಪ್ಲಗ್ ಒಣಗಿದ್ದರೆ ಮೊದಲು ಟ್ಯಾಂಕಿನೊಳಗಿನ ಫಿಲ್ಟರ್ ಮತ್ತು ಪೈಪ್ ನೋಡಿ. ಹಳೇ ಪೈಪ್ ಬಾಗಿಸಿದರೆ ಸೀಳು ಕಾಣುತ್ತದೆ. ಐದು ನಿಮಿಷ ಓಡಿ ನಿಂತುಹೋಗುವ ಮಿಷನ್, ಟ್ಯಾಂಕ್ ಮುಚ್ಚಳ ಸಡಿಲಿಸಿದೊಡನೆ ಉಸ್ ಎಂದು ಗಾಳಿ ಎಳೆದುಕೊಂಡು ಮತ್ತೆ ಓಡಿದರೆ, ಟ್ಯಾಂಕಿನ ಗಾಳಿದಾರಿ ಕಟ್ಟಿದೆ. ಇದಾವುದೂ ಅಲ್ಲವಾದರೆ ಕಾರ್ಬೊರೇಟರ್‌ಗೆ ಬರಬೇಕು. ಜನ ಎಡವುವುದು ಇಲ್ಲಿಯೇ.

ಬೈಕ್ ರಿಪೇರಿ ಗೊತ್ತಿರುವವರು ಇದರಲ್ಲೂ ಬಟ್ಟಲು, ತೇಲುಗುಂಡು ಹುಡುಕುತ್ತಾರೆ. ಎರಡೂ ಇಲ್ಲಿಲ್ಲ. ಮರ ಕೊಯ್ಯುವಾಗ ಮಿಷನ್ ಮಗ್ಗುಲಾಗುತ್ತದೆ, ಮೂತಿ ಕೆಳಗಾಗುತ್ತದೆ, ಬಟ್ಟಲಿದ್ದರೆ ಪೆಟ್ರೋಲ್ ಒಂದು ಕಡೆ ಸರಿದುಬಿಡುತ್ತಿತ್ತು. ಅದಕ್ಕೆ ಬದಲಾಗಿ ಎರಡು ತೆಳು ಹಾಳೆಗಳಿವೆ. ಇಂಜಿನ್‌ನ ಕೆಳಕೋಣೆಯಲ್ಲಿ ಪಿಸ್ಟನ್ ಪ್ರತಿ ಸುತ್ತಿಗೂ ಒಮ್ಮೆ ಗಾಳಿ ಒತ್ತುತ್ತದೆ, ಒಮ್ಮೆ ಎಳೆಯುತ್ತದೆ. ಆ ಮಿಡಿತ ಒಂದು ಸಣ್ಣ ತೂತಿನಿಂದ ಮೊದಲ ಹಾಳೆಗೆ ತಲುಪುತ್ತದೆ. ಹಾಳೆ ಕುಣಿದು ಟ್ಯಾಂಕಿನಿಂದ ಪೆಟ್ರೋಲ್ ಎತ್ತುತ್ತದೆ. ನಿಮಿಷಕ್ಕೆ 9,000 ಸುತ್ತು ಎಂದರೆ ಸೆಕೆಂಡಿಗೆ 150 ಸಲ! ಬೇರೆ ಮೋಟಾರು ಬೇಡದ ಈ ಪಂಪನ್ನು ಎಷ್ಟು ಸಲ ವಿವರಿಸಿದರೂ ನನಗೆ ಬೇಸರ ಬಂದಿಲ್ಲ.

ಎರಡನೇ ಹಾಳೆ ಅಳತೆಗಾರ. ಅದರ ಒಂದು ಬದಿಗೆ ಪೆಟ್ರೋಲ್, ಇನ್ನೊಂದು ಬದಿಗೆ ಹೊರಗಿನ ಗಾಳಿ. ಇಂಜಿನ್ ಪೆಟ್ರೋಲ್ ಹೀರಿದಾಗ ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಹಾಳೆಯನ್ನು ಒಳಕ್ಕೆ ತಳ್ಳುತ್ತದೆ, ಹಾಳೆ ಒಂದು ಪುಟ್ಟ ಸನ್ನೆಯನ್ನು ಒತ್ತುತ್ತದೆ, ಸೂಜಿ ಎದ್ದು ಪೆಟ್ರೋಲ್ ಒಳಬರುತ್ತದೆ. ಸಾಕಾದ ಮೇಲೆ ಸ್ಪ್ರಿಂಗ್ ಸೂಜಿಯನ್ನು ಮುಚ್ಚುತ್ತದೆ. ಹಾಳೆ ಮೆತ್ತಗಿದ್ದರಷ್ಟೇ ಈ ಆಟ ನಡೆಯುತ್ತದೆ. ಹಳಸಿದ ಪೆಟ್ರೋಲಿನಲ್ಲಿ ನೆನೆದು ಒಣಗಿದ ಹಾಳೆ ಹಪ್ಪಳದಂತೆ ಗರಿಗರಿಯಾಗಿ ಸೆಟೆಯುತ್ತದೆ. ಆಗ ಚೋಕ್ ಹಾಕಿದಾಗ ಮಾತ್ರ ಮಿಷನ್ ಏಳುತ್ತದೆ, ಚೋಕ್ ತೆಗೆದರೆ ನಿಲ್ಲುತ್ತದೆ. ಅಥವಾ ಸುಮ್ಮನೆ ಓಡುತ್ತಿರುತ್ತದೆ, ಆಕ್ಸಿಲರೇಟರ್ ಒತ್ತಿದೊಡನೆ ಉಸಿರು ಕಟ್ಟುತ್ತದೆ.

ಈ ಲಕ್ಷಣ ಕಂಡ ಕೂಡಲೇ ಕೈ ಹೋಗುವುದು ಸ್ಕ್ರೂಡ್ರೈವರ್‌ಗೆ. ‘ಟ್ಯೂನಿಂಗ್ ತಪ್ಪಿದೆ’ ಎಂದು ಎಚ್, ಎಲ್ ಎಂಬ ಎರಡು ಸ್ಕ್ರೂ ತಿರುಗಿಸುತ್ತಾರೆ. ಕೊಟ್ಟಿಗೆಯ ಮೂಲೆಯಲ್ಲಿದ್ದ ಮಿಷನ್‌ನ ಸ್ಕ್ರೂ ತಾನಾಗಿ ತಿರುಗುತ್ತದೆಯೇ? ಕೆಟ್ಟ ಹಾಳೆಯನ್ನು ಹಾಗೇ ಬಿಟ್ಟು ಎಚ್ ಸ್ಕ್ರೂ ಬಿಗಿ ಮಾಡಿ ಪೆಟ್ರೋಲ್ ತಗ್ಗಿಸಿದರೆ ಮಿಷನ್ ಕಿರುಚಿ ಓಡುತ್ತದೆ, ನೋಡುವವರಿಗೆ ಸರಿಹೋಯಿತು ಅನ್ನಿಸುತ್ತದೆ. ಆದರೆ ಟೂ ಸ್ಟ್ರೋಕ್ ಇಂಜಿನ್‌ಗೆ ಬೇರೆ ಆಯಿಲ್ ಇಲ್ಲ, ಪೆಟ್ರೋಲಿನ ಜೊತೆ ಬರುವ ಆಯಿಲ್ಲೇ ಪಿಸ್ಟನ್ನಿಗೆ ಆಸರೆ. ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆ, ಶಾಖವೂ ಹೆಚ್ಚು. ಆ ಕಿರುಚಾಟ ಇನ್ನಷ್ಟು ಹೊತ್ತು ಸಾಗಿದರೆ ಪಿಸ್ಟನ್ ಹಿಡಿದು ನಿಲ್ಲುತ್ತದೆ, ನೂರಿನ್ನೂರರಲ್ಲಿ ಮುಗಿಯುವ ಕೆಲಸ ಸಾವಿರಗಟ್ಟಲೆಗೆ ಹೋಗುತ್ತದೆ.

ಈಗ ಬರುವ ಪೆಟ್ರೋಲಿನ ವಿಷಯವೂ ಇಲ್ಲಿ ಮುಖ್ಯ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಆಮೇಲೆ ಅದು ಬಂಕ್‌ಗಳಲ್ಲೆಲ್ಲ ಹರಡಿತು. ಅನೇಕ ಹಳೇ ಮಿಷನ್‌ಗಳ ಕೈಪಿಡಿಯಲ್ಲಿ ಎಥನಾಲ್‌ಗೆ ಶೇ. 10ರ ಮಿತಿ ಇದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೇ ರಬ್ಬರನ್ನು ಕೆಡಿಸುತ್ತದೆ. ಗೆರೆ ಎಳೆದ ಗಾಜಿನ ಸೀಸೆಯಲ್ಲಿ ಸ್ವಲ್ಪ ನೀರು, ಅದರ ಮೇಲೆ ಪೆಟ್ರೋಲ್ ಹಾಕಿ ಅಲ್ಲಾಡಿಸಿ ಇಟ್ಟು ನೋಡಿ: ಎಥನಾಲ್ ನೀರಿಗೆ ಸೇರಿ ನೀರಿನ ಗೆರೆ ಮೇಲೇರುತ್ತದೆ. ಆ ಪೆಟ್ರೋಲನ್ನು ಮತ್ತೆ ಬಳಸಬೇಡಿ. ಎಥನಾಲ್ ಹೀಗೆ ತೇವ ಹೀರುವುದರಿಂದ ಒಂದು ವಾರಕ್ಕೆ ಬೇಕಾದಷ್ಟು ಪೆಟ್ರೋಲಿಗಷ್ಟೇ ಆಯಿಲ್ ಬೆರೆಸಿಕೊಳ್ಳಿ. ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ ಟೂ-ಟಿ ಆಯಿಲ್, 25ಕ್ಕೆ 1 ಎಂದಿದ್ದರೆ 40 ಮಿಲಿ. ಎತ್ತಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ.

ಹಾಳೆ ಬದಲಿಸುವುದು ಕಷ್ಟವಲ್ಲ. ಕಾರ್ಬೊರೇಟರ್ ಮೈಮೇಲೆ ಕೊರೆದ ನಂಬರ್ ಬರೆದುಕೊಂಡು ಅದೇ ಕಿಟ್ ಕೇಳಿ. ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬಹುತೇಕ ಕಾರ್ಬೊರೇಟರ್‌ಗಳಲ್ಲಿ ಅಳತೆಯ ಬದಿಗೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಹಾಳೆ. ಪಂಪಿನ ಬದಿಗೆ ಮೊದಲು ಹಾಳೆ, ಅದರ ಮೇಲೆ ಗ್ಯಾಸ್ಕೆಟ್. ಇದು ಅದಲು ಬದಲಾದರೆ ಹೊಸ ಕಿಟ್ ಹಾಕಿಯೂ ಮಿಷನ್ ಏಳದು. ಸಣ್ಣ ತೂತುಗಳಿಗೆ ತಂತಿ ಚುಚ್ಚಬೇಡಿ, ಕ್ಲೀನರ್ ಸ್ಪ್ರೇ ಸಾಕು. ಎಚ್, ಎಲ್ ಸ್ಕ್ರೂ ಬಿಚ್ಚಲೇಬೇಕಾದರೆ ಪೂರ್ತಿ ಬಿಗಿಯಲು ಎಷ್ಟು ಸುತ್ತು ಬೇಕಾಯಿತು ಎಂದು ಬರೆದಿಟ್ಟು, ಜೋಡಿಸುವಾಗ ಅಷ್ಟೇ ಸುತ್ತು ಬಿಚ್ಚಿ. ಕೊನೆಗೆ, ಆಕ್ಸಿಲರೇಟರ್ ಬಿಟ್ಟಾಗ ಚೈನ್ ತಿರುಗಬಾರದು.

ಮಿಷನ್ ಓಡುತ್ತದೆ, ಆದರೆ ಕೊಯ್ಯುವುದಿಲ್ಲ ಎಂಬುದು ಬೇರೆ ದೂರು. ಸಿಬಿರಿನ ಬದಲು ಹಿಟ್ಟು ಉದುರಿದರೆ ಹಲ್ಲು ಮೊಂಡಾಗಿದೆ. ತೆಂಗಿನ ಮರ ಹಲ್ಲನ್ನು ಬೇಗ ಸವೆಸುತ್ತದೆ. ಅರ ಹಿಡಿಯುವ ಕ್ರಮ ಮುಂದಿನ ಅಧ್ಯಾಯದಲ್ಲಿದೆ. ಇಂದಿನ ಹಲ್ಲಿನ ರೂಪವನ್ನು ಅಮೆರಿಕದ ಜೋಸೆಫ್ ಕಾಕ್ಸ್ 1946ರಲ್ಲಿ ಮರ ಕೊರೆಯುವ ಹುಳುವಿನ ದವಡೆ ನೋಡಿ ಕಂಡುಕೊಂಡರು ಎಂಬುದನ್ನು ಅಲ್ಲಿ ವಿವರವಾಗಿ ನೋಡೋಣ.

ಅಷ್ಟರೊಳಗೆ ಗುಜರಿ ಅಂಗಡಿಯಿಂದ ಕೆಟ್ಟ ಕಾರ್ಬೊರೇಟರ್ ಒಂದನ್ನು ತಂದು ಚೆನ್ನಾಗಿ ತೊಳೆದು ಒಣಗಿಸಿ, ಬಿಚ್ಚಿ ನೋಡಿ. ಅಳತೆ ಹಾಳೆಯ ನಡುವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ, ಸೂಜಿ ಏಳುವುದನ್ನು ಪೆಟ್ರೋಲ್ ಒಳಬರುವ ನಳಿಕೆಗೆ ಗಾಳಿ ಊದಿ ಪರೀಕ್ಷಿಸಿ. ಐಟಿಐ ಓದುವ ಮಕ್ಕಳು ಮನೆಯಲ್ಲಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.