ಸ್ಟ್ಯಾಕ್ ಆಗಿದ್ದ ಫ್ರಿಜ್ ಕ್ಯೂ ಆದಾಗ

ಡೇಟಾ ಸ್ಟ್ರಕ್ಚರ್ ಪಾಠದಲ್ಲಿ ಸ್ಟ್ಯಾಕ್, ಕ್ಯೂ ಎಂದು ಎರಡು ಬರುತ್ತವೆ. ಸ್ಟ್ಯಾಕ್ ಅಂದರೆ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ, ಕೊನೆಗೆ ಇಟ್ಟದ್ದು ಮೊದಲು ಹೊರಬರುತ್ತದೆ. ಕ್ಯೂ ಅಂದರೆ ರೇಷನ್ ಅಂಗಡಿಯ ಸಾಲು, ಮೊದಲು ಬಂದವರಿಗೆ ಮೊದಲು ಅಕ್ಕಿ. ನಮ್ಮಲ್ಲಿ ಹೆಚ್ಚಿನ ಮನೆಗಳ ಫ್ರಿಜ್ ಸ್ಟ್ಯಾಕ್. ನಿನ್ನೆಯ ಸಾಂಬಾರು ಎದುರಿಗೆ, ಮೊನ್ನೆಯ ಪಲ್ಯ ಹಿಂದೆ, ಅದರ ಹಿಂದಿನ ಡಬ್ಬಿಯಲ್ಲಿ ಏನಿದೆ ಎಂಬುದು ಮುಚ್ಚಳ ತೆಗೆದ ಮೇಲೆ ವಾಸನೆಯಿಂದಲೇ ಗೊತ್ತಾಗಬೇಕು!

ನಮ್ಮ ಮನೆ ಮಂಗಳೂರು–ಮೂಡುಬಿದಿರೆ ರಸ್ತೆಯ ತೋಡಾರಿನಲ್ಲಿ. ಅಮ್ಮ ಎಷ್ಟೋ ವರ್ಷ ಮನೆಯಲ್ಲೇ ಬೀಡಿ ಕಟ್ಟುತ್ತಿದ್ದರು. ಕಳೆದ ವರ್ಷ ಗೋಡಂಬಿ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. ಮೊದಲೆರಡು ತಿಂಗಳು ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಸಂಜೆ ಬಂದವರೇ ಮತ್ತೆ ಒಲೆಯೆದುರು ನಿಲ್ಲುವುದು. ಒಂದು ರಾತ್ರಿ ‘ಇನ್ನು ನನ್ನಿಂದಾಗುವುದಿಲ್ಲ ಮಗಾ, ಕೆಲಸ ಬಿಡ್ತೇನೆ’ ಎಂದರು. ಅವರ ಸಂಬಳದಲ್ಲೇ ತಂಗಿಯ ಪಿಯುಸಿ ಫೀಸು, ನನ್ನ ಪರೀಕ್ಷಾ ಶುಲ್ಕ ನಡೆಯುತ್ತಿತ್ತು. ಆದರೆ ‘ಬಿಡಬೇಡಿ’ ಎನ್ನಲು ಬಾಯಿ ಬರಬೇಕಾದರೆ ನಾವೂ ಏನಾದರೂ ಮಾಡಬೇಕಲ್ಲ?

ಅಂದು ನಾನೂ ತಂಗಿಯೂ ಲೆಕ್ಕ ಹಾಕಲು ಕೂತೆವು, ದುಡ್ಡಿನದ್ದಲ್ಲ, ನಿಮಿಷಗಳದ್ದು. ನಮ್ಮ ಕರಾವಳಿ ಅಡುಗೆಯಲ್ಲಿ ಬೇಯಿಸುವುದಕ್ಕಿಂತ ಮೊದಲಿನ ಕೆಲಸಕ್ಕೇ ಹೆಚ್ಚು ಹೊತ್ತು ಬೇಕು. ಕಾಯಿ ತುರಿಯಬೇಕು, ಕೊತ್ತಂಬರಿ-ಮೆಣಸು ಹುರಿದು ಅರೆಯಬೇಕು, ಕಡಲೆ ನೆನೆಸಿ ಬೇಯಿಸಬೇಕು. ಇವಷ್ಟನ್ನು ಭಾನುವಾರಕ್ಕೆ ತಳ್ಳಿದೆವು. ಈಗ ಭಾನುವಾರ ಎರಡು ಗಂಟೆ ನಾನು ಹೆರೆಮಣೆಯಲ್ಲಿ, ತಂಗಿ ಮಿಕ್ಸಿ ಮತ್ತು ಕುಕ್ಕರ್ ಜೊತೆ. ತೆಂಗಿನ ತುರಿ, ಹುರಿದು ಅರೆದ ಮಸಾಲೆ, ಬೇಯಿಸಿದ ಕಡಲೆ ಮತ್ತು ಅಲಸಂಡೆ, ಎಲ್ಲವೂ ಒಂದು ಹೊತ್ತಿಗೆ ಬೇಕಾದಷ್ಟೇ ಪ್ಯಾಕೆಟ್ ಆಗಿ ಫ್ರೀಜರಿಗೆ ಹೋಗುತ್ತವೆ.

ಸಿಂಗಲ್ ಡೋರ್ ಫ್ರಿಜ್‌ನ ಫ್ರೀಜರ್ ಎಷ್ಟು ದೊಡ್ಡದು ಎಂದು ನಿಮಗೇ ಗೊತ್ತು. ಅದಕ್ಕೇ ಪ್ಯಾಕೆಟ್ಟನ್ನು ಪುಸ್ತಕದ ಹಾಗೆ ಚಪ್ಪಟೆ ಮಾಡಿ ನಿಲ್ಲಿಸುತ್ತೇವೆ. ಜಾಗವೂ ಉಳಿಯುತ್ತದೆ, ತೆಳ್ಳಗಿರುವ ಕಾರಣ ಬೇಗ ಗಟ್ಟಿಯೂ ಆಗುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ದೊಡ್ಡದಾಗಿ ಜೀವಕೋಶಗಳನ್ನು ಹರಿಯುತ್ತವೆ, ಕರಗಿದಾಗ ಆಹಾರ ನೀರುನೀರಾಗುತ್ತದೆ. ನೂರು ವರ್ಷದ ಹಿಂದೆ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಲ್ಯಾಬ್ರಡಾರಿನ ಕೊರೆಯುವ ಚಳಿಯಲ್ಲಿ ಇನ್ಯೂಟ್ ಜನರು ಹಿಡಿದ ಮೀನು ಕೂಡಲೇ ಹೆಪ್ಪುಗಟ್ಟುವುದನ್ನೂ, ತಿಂಗಳುಗಳ ಬಳಿಕವೂ ಅದು ರುಚಿ ಕೆಡದಿರುವುದನ್ನೂ ನೋಡಿದ. ತಣ್ಣನೆಯ ಲೋಹದ ಹಲಗೆಗಳ ನಡುವೆ ಆಹಾರವನ್ನು ಬೇಗ ಹೆಪ್ಪುಗಟ್ಟಿಸುವ ಯಂತ್ರ ಮಾಡಿದ. ಚಪ್ಪಟೆ ಪ್ಯಾಕೆಟ್ಟಿನ ಹಿಂದಿರುವುದೂ ಅದೇ ವಿಜ್ಞಾನ.

ಎಲ್ಲವೂ ಫ್ರೀಜರಿಗೆ ಒಗ್ಗುವುದಿಲ್ಲ. ಸೌತೆಕಾಯಿ ಮೆತ್ತಗಾಗುತ್ತದೆ, ಸಾಂಬಾರಿನ ಬಟಾಟೆ ಮರಳುಮರಳಾಗುತ್ತದೆ, ತೆಂಗಿನಹಾಲು ಹಾಕಿದ ಗಸಿ ಒಡೆಯುತ್ತದೆ. ಮಸಾಲೆ ಮಾತ್ರ ಇಟ್ಟು ಕಾಯಿಯನ್ನು ಆಮೇಲೆ ಸೇರಿಸಿದರೆ ಈ ತಾಪತ್ರಯವಿಲ್ಲ.

ಇನ್ನು ಮಳೆಗಾಲ. ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ತುಂಬಿದ ದೊಡ್ಡ ಫ್ರೀಜರ್ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ ತಾಳುತ್ತದೆ. ನಮ್ಮ ಪುಟ್ಟ ಪೆಟ್ಟಿಗೆಗೆ ಅಷ್ಟು ತಾಕತ್ತಿಲ್ಲ. ಆಗ ನೆನಪಾಗುವುದು ಅಜ್ಜಿಯ ಭರಣಿ. ಬೇಸಿಗೆಯಲ್ಲಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟ ‘ಉಪ್ಪಡ್ ಪಚ್ಚಿಲ್’ ಆಟಿಯಲ್ಲಿ ಪಲ್ಯವಾಗುತ್ತದೆ. ಹಲಸಿನ ಬೀಜ ಉಪ್ಪುನೀರಿನಲ್ಲಿ ಬೆಂದು ಬಿಸಿಲಲ್ಲಿ ಒಣಗಿ ಸಾಂತಾಣಿಯಾಗುತ್ತದೆ. ಸೌತೆಕಾಯಿ ಬಾಳೆನಾರಿನಲ್ಲಿ ಮಾಡಿಗೆ ನೇತಾಡುತ್ತದೆ. ನಯಾಪೈಸೆ ಕರೆಂಟ್ ಬಿಲ್ ಇಲ್ಲ.

ಯೋಚಿಸಿದರೆ ಫ್ರೀಜರೂ ಭರಣಿಯೂ ಮಾಡುವ ಕೆಲಸ ಒಂದೇ, ಸೂಕ್ಷ್ಮಜೀವಿಗಳಿಗೆ ನೀರು ಸಿಗದಂತೆ ನೋಡಿಕೊಳ್ಳುವುದು. ಫ್ರೀಜರ್ ನೀರನ್ನು ಮಂಜು ಮಾಡಿ ಕಟ್ಟಿಹಾಕುತ್ತದೆ, ಉಪ್ಪು ಅದನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಆಹಾರ ವಿಜ್ಞಾನದಲ್ಲಿ ಇದನ್ನು ಅಳೆಯಲು ‘ವಾಟರ್ ಆಕ್ಟಿವಿಟಿ’ ಎಂಬ ಮಾನವಿದೆ. ಶುದ್ಧ ನೀರಿಗೆ ಅದು 1. ಆಹಾರ ಕೆಡಿಸುವ ಹೆಚ್ಚಿನ ಬ್ಯಾಕ್ಟೀರಿಯಾಗಳು 0.91ಕ್ಕಿಂತ ಕೆಳಗೆ ಬೆಳೆಯಲಾರವು. ಇನ್ನು ಕರಗದಷ್ಟು ಉಪ್ಪು ಹಾಕಿದ ನೀರಿನಲ್ಲಿ ಅದು ಸುಮಾರು 0.75. ಅಜ್ಜಿಗೆ ಈ ಅಂಕಿ ಗೊತ್ತಿಲ್ಲ, ಉಪ್ಪು ಎಷ್ಟು ಹಿಡಿ ಎಂದು ಮಾತ್ರ ಗೊತ್ತು. ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆಯವರು ಹಲಸು ಹಾಳಾಗದಂತೆ ಬಳಸುವ ದಾರಿಗಳ ಬಗ್ಗೆ ವರ್ಷಗಳಿಂದ ಬರೆಯುತ್ತಿದ್ದಾರೆ. ಅಜ್ಜಿಯಂದಿರ ವಿದ್ಯೆ ಹಳತಾಗಿಲ್ಲ ಎನ್ನಲು ಅದು ಸಾಕು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಕಸವಾಗುತ್ತದೆ. ಸಿಪ್ಪೆ, ಮೂಳೆ ಎಲ್ಲ ಸೇರಿದ ಲೆಕ್ಕ ಅದು. ಐದು ಜನರ ಮನೆಗೆ 275 ಕಿಲೋ, ಅಂದರೆ 50 ಕಿಲೋದ ಅಕ್ಕಿಮೂಟೆ ಐದೂವರೆ! ನಮ್ಮಲ್ಲಿ ಈಗ ಹೀರೆಕಾಯಿ ಸಿಪ್ಪೆ ಚಟ್ನಿಗೆ, ಸೌತೆಕಾಯಿ ತಿರುಳು ದೋಸೆಹಿಟ್ಟಿಗೆ, ಉಳಿದ ಅನ್ನ ಮರುದಿನದ ರೊಟ್ಟಿಗೆ.

ರೂಮು ಮಾಡಿಕೊಂಡು ಅಡುಗೆ ಮಾಡುವ ಗೆಳೆಯರಿಗೆ ಅನ್ನದ ಬಗ್ಗೆ ಒಂದು ಮಾತು. ಅನ್ನದಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಅನ್ನವನ್ನು ಹೊರಗೇ ಬಿಟ್ಟರೆ ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮರುದಿನವೇ ಮುಗಿಸಿ. ಖರ್ಚು ಹೆಚ್ಚೇನಿಲ್ಲ, ಒಂದು ಪೇಪರ್ ಟೇಪ್, ಒಂದು ಪೆನ್ನು. ಡಬ್ಬಿಯ ಮೇಲೆ ತಾರೀಕು ಬರೆಯಿರಿ, ಹಳೆಯದನ್ನು ಎದುರಿಗಿಡಿ. ಸ್ಟ್ಯಾಕ್ ಅಲ್ಲಿಗೆ ಕ್ಯೂ ಆಯಿತು.

ಅಮ್ಮ ಈಗಲೂ ಕೆಲಸಕ್ಕೆ ಹೋಗುತ್ತಿದ್ದಾರೆ. ಏಳುವುದು ಐದೂಮುಕ್ಕಾಲಿಗೆ. ಮುಂದಿನ ವರ್ಷ ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದರೆ ಭಾನುವಾರ ಕಾಯಿ ತುರಿಯುವವರು ಯಾರು ಎಂದು ತಂಗಿ ಈಗಲೇ ಕೇಳುತ್ತಿದ್ದಾಳೆ. ಕಳೆದ ವಾರ ಅಪ್ಪ ಮಾತಿಲ್ಲದೆ ಬಂದು ಹೆರೆಮಣೆಯಲ್ಲಿ ಕೂತರು. ತುರಿ ಸ್ವಲ್ಪ ದಪ್ಪವಾಯಿತು. ಗಸಿಗೆ ಅಡ್ಡಿಯಿಲ್ಲ.