ಬಣ್ಣ ಬಳಿಯುವ ಮುನ್ನ ಬೇನೆ ಅರಿಯಿರಿ

ಖಾಸಗಿ ಕಾರಿಗೆ 15 ವರ್ಷ ತುಂಬಿದರೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಆ ದಿನ ಸಮೀಪಿಸಿದಂತೆ ಮಾಲೀಕರ ಕಣ್ಣಿಗೆ ಮೊದಲು ಬೀಳುವುದು ಎಂಜಿನ್ನಿನ ದೋಷವಲ್ಲ, ಬಣ್ಣದ ದೋಷ. ಬಾನೆಟ್ ಮಂಕಾಗಿದೆ, ಚಾವಣಿಯ ಮೇಲೆ ಪೊರೆ ಏಳುತ್ತಿದೆ, ಬಾಗಿಲ ಅಂಚಿನಲ್ಲಿ ಗುಳ್ಳೆಗಳಿವೆ. ಗ್ಯಾರೇಜಿನಲ್ಲಿ ಸಿಗುವ ಸಲಹೆ ಬಹುತೇಕ ಒಂದೇ: ‘ಫುಲ್ ಪೇಂಟಿಂಗ್ ಮಾಡಿಸಿಬಿಡಿ ಸಾರ್.’ ಆದರೆ ಇವು ಮೂರು ಬೇರೆ ಬೇರೆ ಕಾಯಿಲೆಗಳು. ಒಂದಕ್ಕೆ ಪಾಲಿಶ್ ಸಾಕು, ಇನ್ನೊಂದಕ್ಕೆ ಆ ಭಾಗಕ್ಕಷ್ಟೇ ಬಣ್ಣ ಬೇಕು, ಮೂರನೆಯದಕ್ಕೆ ಬಣ್ಣ ಮದ್ದೇ ಅಲ್ಲ.

ಕಾರ್ಖಾನೆಯಲ್ಲಿ ಉಕ್ಕಿನ ತಗಡಿಗೆ ಮೊದಲು ತುಕ್ಕು ತಡೆಯುವ ಲೇಪ, ಬಳಿಕ ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಬೀಳುತ್ತವೆ. ಎಲ್ಲ ಸೇರಿದರೂ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಈ ಪಾರದರ್ಶಕ ಪದರ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಕೆಟ್ಟಿರುವುದು ಯಾವ ಪದರ ಎಂಬುದು ತಿಳಿದರೆ ಚಿಕಿತ್ಸೆ ಅರ್ಧ ಮುಗಿದಂತೆ.

ಪರೀಕ್ಷೆ ಕಷ್ಟವಲ್ಲ. ಕಾರನ್ನು ತೊಳೆದು, ಬಿಳಿ ಬಟ್ಟೆಗೆ ತುಸು ಪಾಲಿಶ್ ಹಚ್ಚಿ ಮರೆಯ ಜಾಗದಲ್ಲಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಅಂಟಿದರೆ ಅದು ಕ್ಲಿಯರ್ ಕೋಟ್ ಇಲ್ಲದ ಬಣ್ಣ. ಬಿಸಿಲಿಗೆ ಮೇಲ್ಮೈ ಮಾತ್ರ ಸತ್ತಿದೆ, ಅದನ್ನು ಉಜ್ಜಿ ತೆಗೆದರೆ ಹೊಳಪು ಮರಳುತ್ತದೆ. ಕೊಳವೆ ಬಾವಿಯ ಗಡಸು ನೀರು ಒಣಗಿ ಉಳಿದ ಬಿಳಿ ಕಲೆಗಳೂ ಬಹುಪಾಲು ಮೇಲ್ಪದರದವು. ಆದರೆ ಉಗುರಿಗೆ ಅಂಚು ತಗಲುವಂತೆ ಪೊರೆ ಸುಲಿಯುತ್ತಿದ್ದರೆ ಕ್ಲಿಯರ್ ಕೋಟ್ ಬಿಟ್ಟುಕೊಂಡಿದೆ ಎಂದರ್ಥ. ಅದಕ್ಕೆ ಯಾವ ಪಾಲಿಶೂ ನಾಟದು. ಆ ಭಾಗವನ್ನು ಉಜ್ಜಿ ಮರುಬಣ್ಣ ಹಾಕಿಸಲೇಬೇಕು.

ನಿಜವಾಗಿ ಅಂಜಬೇಕಾದುದು ಗುಳ್ಳೆಗಳಿಗೆ. ಕಾರ್ಖಾನೆಯ ಬಣ್ಣ ಉಬ್ಬಿದೆಯೆಂದರೆ ಅಡಿಯಲ್ಲಿ ತುಕ್ಕು ಹಬ್ಬುತ್ತಿದೆ ಎಂದೇ ಶಂಕಿಸಬೇಕು. ಕರಾವಳಿಯ ಉಪ್ಪು ಗಾಳಿಯಲ್ಲಿ ಇದರ ವೇಗ ಹೆಚ್ಚು. ಬಾಗಿಲ ತಳದಲ್ಲಿ ನೀರು ಹರಿದುಹೋಗಲೆಂದೇ ಇರುವ ರಂಧ್ರಗಳು ಕೆಸರಿನಿಂದ ಮುಚ್ಚಿದರೆ ಉಕ್ಕು ಒಳಗಿನಿಂದ ಕೊಳೆಯತೊಡಗುತ್ತದೆ. ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ತೂತಾಗಿದ್ದರೆ ಕತ್ತರಿಸಿ ಹೊಸ ತಗಡು ಬೆಸೆಯದೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ರೋಗ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ. ಹಳೆಯ ಕಾರು ಕೊಳ್ಳುವವರು ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಮೇಲೆ ಆಡಿಸಿ ನೋಡಬೇಕು. ಸೆಳೆತ ಸಡಿಲವಾದಲ್ಲಿ ದಪ್ಪ ಪುಟ್ಟಿ ಅಡಗಿರಬಹುದು.

ಈ ಲೆಕ್ಕದಲ್ಲಿ ನಾವು ಮರೆಯುವ ಬಾಬ್ತೊಂದಿದೆ. ಗಟ್ಟಿಕಾರಕ ಬೆರೆಸಿ ಸಿಂಪಡಿಸುವ ಇಂದಿನ ವಾಹನ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಬಣ್ಣಗಾರರಿಗೆ ಅಸ್ತಮಾ ತರುವ ವಸ್ತುವೆಂದು ಜಗತ್ತಿನಾದ್ಯಂತ ಅದು ಗುರುತಾಗಿದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಗೊಳಿಸಿದ 2016ರ ಕೇಂದ್ರ ನಿಯಮ ವಾಹನದ ಬಣ್ಣಕ್ಕೆ ಅನ್ವಯಿಸದು. ಹಳೆಯ ಬಣ್ಣವನ್ನು ಒಣದಾಗಿ ಉಜ್ಜಿದಾಗ ಏಳುವ ಧೂಳನ್ನು ಕುಡಿಯುವವನು, ರಸ್ತೆ ಬದಿಯ ಶೆಡ್ಡಿನಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತ ಹುಡುಗ. ಕರವಸ್ತ್ರ ಆವಿಯನ್ನೂ ತಡೆಯದು, ಸೂಕ್ಷ್ಮ ಧೂಳನ್ನೂ ತಡೆಯದು.

ಆದುದರಿಂದ ದರ ವಿಚಾರಿಸುವಾಗಲೇ ಇನ್ನೆರಡು ಮಾತು ಕೇಳೋಣ: ನೀರು ಹಾಕಿ ಉಜ್ಜುತ್ತೀರಾ? ಬಣ್ಣ ಹೊಡೆಯುವವರಿಗೆ ಬೂತ್ ಮತ್ತು ತಕ್ಕ ಮುಖಕವಚ ಇವೆಯೇ? ಪಾಲಿಶ್ ಸಾಕಾದಲ್ಲಿ ಪೂರ್ತಿ ಬಣ್ಣ ಹೊಡೆಸುವುದು ನಮ್ಮ ಜೇಬಿಗಷ್ಟೇ ಅಲ್ಲ, ಇನ್ನೊಬ್ಬರ ಉಸಿರಿಗೂ ದುಬಾರಿ.