ಟರ್ಬೊ ಎಂಜಿನ್‌ನಲ್ಲಿ ಗಾಳಿ ಸೋರಿಕೆ: ದುರಸ್ತಿ ಬಿಲ್ಲಿಗೆ ಮುನ್ನ ತಿಳಿಯಬೇಕಾದುದು

ಗ್ರಾಮ ಪಂಚಾಯಿತಿಗಳ ಬಳಕೆಯಲ್ಲಿರುವ ಬೊಲೆರೊ ಮೊದಲಾದ ಡೀಸೆಲ್ ವಾಹನಗಳು ಟರ್ಬೊ ಎಂಜಿನ್ ಹೊಂದಿರುತ್ತವೆ. ಇಂತಹ ವಾಹನವು ಎಳೆಯುವ ಶಕ್ತಿ ಕಳೆದುಕೊಂಡು ಕಪ್ಪು ಹೊಗೆ ಉಗುಳತೊಡಗಿದಾಗ ಟರ್ಬೊವನ್ನೇ ಬದಲಿಸಬೇಕೆಂಬ ಅಂದಾಜುಪಟ್ಟಿ ಸಭೆಯ ಮುಂದೆ ಬರುವುದುಂಟು. ದೋಷವು ಎಷ್ಟೋ ಬಾರಿ ಸೀಳಿದ ಒಂದು ಹೋಸ್ ಪೈಪ್ ಅಥವಾ ಸಡಿಲಗೊಂಡ ಕ್ಲ್ಯಾಂಪ್‌ನಲ್ಲಿ ಇರುತ್ತದೆ. ಈ ಎರಡರ ವೆಚ್ಚಕ್ಕೆ ಅಜಗಜಾಂತರ.

ಸೈಲೆನ್ಸರಿಗೆ ಹೋಗುವ ಬಿಸಿ ಅನಿಲವು ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರವು ಏರ್ ಫಿಲ್ಟರ್‌ನಿಂದ ಗಾಳಿಯನ್ನೆಳೆದು, ಒತ್ತಿ, ಇಂಟರ್‌ಕೂಲರ್ ಮೂಲಕ ಎಂಜಿನ್ನಿಗೆ ಕಳುಹಿಸುತ್ತದೆ. ಟರ್ಬೊ ದಾಟಿದ ಮೇಲೆ ಗಾಳಿ ಸೋರಿದರೆ ಡೀಸೆಲ್ ಪೂರ್ಣ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಫಿಲ್ಟರ್ ಮತ್ತು ಟರ್ಬೊ ನಡುವೆ ಬಿರುಕಿದ್ದರೆ ಅಪಾಯ ಹೆಚ್ಚು: ಸೋಸದ ಧೂಳು ಒಳಹೊಕ್ಕು ಚಕ್ರವನ್ನೂ ಸಿಲಿಂಡರನ್ನೂ ಸವೆಸುತ್ತದೆ. ನೀಲಿ ಹೊಗೆ ಬೇರೆಯೇ ವಿಷಯ. ಅದು ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು.

ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದವರೆಗಿನ ದಟ್ಟಣೆಯಲ್ಲಿ ತೆವಳುವಾಗ ಚಾಲಕನಿಗೆ ಈ ದೋಷ ತಿಳಿಯುವುದೇ ಇಲ್ಲ, ಏಕೆಂದರೆ ನಿಧಾನಗತಿಯಲ್ಲಿ ಟರ್ಬೊ ಹೆಚ್ಚು ಒತ್ತಡ ಕಟ್ಟುವುದಿಲ್ಲ. ಹಳೆ ಮದ್ರಾಸ್ ರಸ್ತೆಯಲ್ಲಿ ಆವಲಹಳ್ಳಿಯ ಕಡೆಗೆ ಭಾರ ಹೊತ್ತು ವೇಗ ಹೆಚ್ಚಿಸಿದಾಗ ಮಾತ್ರ ಬುಸ್ ಎಂಬ ಶಬ್ದ ಕೇಳಿಸಿ ಪಿಕಪ್ ಕುಸಿಯುತ್ತದೆ. ಆದ್ದರಿಂದ ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿ ಎಂಜಿನ್ ಓಡಿಸಿ ನೋಡುವುದು ಪರೀಕ್ಷೆಯೆನಿಸದು.

ಸರಿಯಾದ ಪರೀಕ್ಷೆ ಸರಳವಾದುದು. ಎಂಜಿನ್ ನಿಲ್ಲಿಸಿ, ಟರ್ಬೊದ ಗಾಳಿಬಾಯಿಯನ್ನು ಮುಚ್ಚಿ, 1 ಬಾರ್ ಮೀರದಂತೆ ಗಾಳಿ ತುಂಬಿ, ಜೋಡಣೆಗಳ ಮೇಲೆ ಸಾಬೂನು ನೀರು ಹಚ್ಚಿದರೆ ಸೋರುವೆಡೆ ಗುಳ್ಳೆ ಏಳುತ್ತದೆ. ಹೋಸ್ ಕ್ಲ್ಯಾಂಪಿನ ಅಡಿಯಲ್ಲೇ ಸೀಳಿರುವ ಸಾಧ್ಯತೆಯುಂಟು. ಅಲ್ಲಿ ಎಣ್ಣೆಯ ಜಿಡ್ಡು ಸುಳಿವು ನೀಡುತ್ತದೆ. ಸೈಲೆನ್ಸರಿನಲ್ಲಿ ಗಾಳಿಯ ಸದ್ದು ಕೇಳಿದ ಮಾತ್ರಕ್ಕೆ ಸೋರಿಕೆಯೆಂದು ತಿಳಿಯಬಾರದು. ಯಾವುದಾದರೂ ಸಿಲಿಂಡರಿನ ಎರಡೂ ಕವಾಟ ತೆರೆದಿರಬಹುದು; ಎಂಜಿನ್ನನ್ನು ತುಸು ತಿರುಗಿಸಿ ಮತ್ತೆ ನೋಡತಕ್ಕದ್ದು. ಸೋರಿಕೆ ಸಿಗದಿದ್ದರೆ ಇ.ಜಿ.ಆರ್. ಕವಾಟ ಹಾಗೂ ಟರ್ಬೊ ನಿಯಂತ್ರಣದ ಸಣ್ಣ ಕೊಳವೆಗಳ ಸರದಿ.

ಸ್ಕ್ಯಾನರ್ ವರದಿಯ ಬಗ್ಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಎಂಜಿನ್ ಆರಂಭಿಸದೆ ಕೀಲಿ ಮಾತ್ರ ತಿರುಗಿಸಿದಾಗ ಒತ್ತಡದ ಸೆನ್ಸರ್ ಸುಮಾರು 91 ಕಿಲೋಪಾಸ್ಕಲ್ ತೋರಿಸುವುದು ಇಲ್ಲಿ ಸಹಜ. 101 ಇಲ್ಲವೆಂಬ ಕಾರಣಕ್ಕೆ ಸೆನ್ಸರ್ ಬದಲಿಸುವುದು ವ್ಯರ್ಥ ವೆಚ್ಚ.

ಶಿವಾಜಿನಗರದ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಲೋಹದ ಪೈಪು, ಬ್ರಾಕೆಟ್ಟುಗಳನ್ನು ಪರೀಕ್ಷಿಸಿ ಕೊಳ್ಳಬಹುದು. ಬಿಸಿಗೆ ಗಡುಸಾದ ಹಳೆಯ ರಬ್ಬರ್ ಹೋಸ್ ಮಾತ್ರ ಬೇಡ. ಅದು ಬೇಗನೆ ಮತ್ತೆ ಬಿರಿಯುತ್ತದೆ.

ಟರ್ಬೊ ಬದಲಾವಣೆಯ ಬಿಲ್ಲಿಗೆ ಒಪ್ಪಿಗೆ ನೀಡುವ ಮುನ್ನ ಸದಸ್ಯರು ಒತ್ತಡ ಪರೀಕ್ಷೆಯ ಲಿಖಿತ ವರದಿಯನ್ನು ಕೇಳುವುದು, ಕಳಚಿದ ಹಳೆಯ ಭಾಗವನ್ನು ಪಂಚಾಯಿತಿಗೆ ಹಿಂಪಡೆಯುವುದು ಸೂಕ್ತ. ದುರಸ್ತಿಯ ನಂತರ ಭಾರ ಹೇರಿಯೇ ವಾಹನವನ್ನು ಓಡಿಸಿ ನೋಡತಕ್ಕದ್ದು.